ಹುಳವಿಲ್ಲದ ಮಣ್ಣು

ಮಾರ್ಚ್ 3

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸಿನ ನಂತರ ಪೆನ್ನು ಹಿಡಿದದ್ದು ಸಹಿ ಹಾಕಲು ಮಾತ್ರ. ಯಾರೂ ಓದುವುದಿಲ್ಲ, ಗೊತ್ತು. ಆದರೂ ಕ್ಷಮಿಸಿ ಎಂದು ಬರೆದುಬಿಟ್ಟರೆ ಮುಂದಿನ ಸಾಲಿಗೆ ಹೋಗಬಹುದು. ಈ ಡೈರಿ ನಾನು ಕೆಲಸಕ್ಕೆ ಸೇರಿರುವ ಮಣ್ಣು ಪರೀಕ್ಷೆಯ ಲ್ಯಾಬಿನ ಮೇಡಂ ಕೊಟ್ಟದ್ದು, ಯಾವುದೋ ಹಳೆಯ ವರ್ಷದ್ದು. “ಮಾತಾಡಿದ್ರೆ ಮುತ್ತು ಉದುರಿಹೋಗುತ್ತೆ ನಿಂದು. ಬರೆದಾದ್ರೂ ಮಾತಾಡು,” ಎಂದರು.

ಇಂದೂ ಲಾಳಿಕೆ ತೊಳೆದೆ. ಜಾಲರಿಯ ಮೇಲೆ ಟಿಶ್ಯೂ ಪೇಪರ್, ಅದರ ಮೇಲೆ ಜರಡಿ ಹಿಡಿದ ಮಣ್ಣು, ಮಣ್ಣು ನೆನೆಯುವಷ್ಟು ನೀರು. ಲಾಳಿಕೆಯ ತುದಿಗೆ ರಬ್ಬರ್ ಟ್ಯೂಬು, ಅದಕ್ಕೆ ಕ್ಲಿಪ್ಪು. ಮರುದಿನ ಕ್ಲಿಪ್ ಸಡಿಲಿಸಿದರೆ ಗಾಜಿನ ಪುಟ್ಟ ತಟ್ಟೆಗೆ ನೀರು ಇಳಿಯುತ್ತದೆ. ಸೇರಿದಾಗಿನಿಂದ ಅದನ್ನು ಬರೀ ನೀರು ಎಂದೇ ತಿಳಿದಿದ್ದೆ.

ಇಂದು ಮೇಡಂ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ನೋಡಿದೆ... ಸ್ಟೂಲಿನಿಂದ ಬಿದ್ದೆ. ನೀರಿನ ತುಂಬ ಹುಳ. ಗಾಜಿನ ದಾರವನ್ನು ತುಂಡು ತುಂಡು ಮಾಡಿ ಎಸೆದ ಹಾಗೆ, ಎಲ್ಲವೂ ಹೊರಳುತ್ತಿದ್ದವು. ಕೆಳಗೆ ಪಾರ್ಕಿನಿಂದ ತಂದ ಒಂದು ಮುಷ್ಟಿ ಮಣ್ಣು ಅದು. ಮೊನ್ನೆ ನಾನೇ ಬರಿಗೈಯಲ್ಲಿ ಪುಡಿ ಮಾಡಿದ್ದು.

“ನೆಮಟೋಡ್ ಅಂತ,” ಎಂದರು ಮೇಡಂ. “ಹೆದರ್ಕೋಬೇಡ. ಬಾಯಿ ನೋಡು, ಯಾರು ಏನು ತಿಂತಾರೆ ಗೊತ್ತಾಗುತ್ತೆ.”

ಒಂದರ ಬಾಯಲ್ಲಿ ಸೂಜಿ ಇದೆ. ಬೇರಿಗೆ ಚುಚ್ಚಿ ಹೀರುವುದಕ್ಕೆ. ಇನ್ನೊಂದರ ಬಾಯಲ್ಲಿ ಹಲ್ಲು. ಅದು ತನ್ನಂಥ ಹುಳಗಳನ್ನೇ ನುಂಗುತ್ತದೆಯಂತೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ಮಾರ್ಚ್ 4

ಕೈ ತೊಳೆದು ತೊಳೆದು ಚರ್ಮ ಸುಲಿಯುತ್ತಿದೆ. ಮನೆಗೆ ಬಂದರೆ ಗುಂಡ ಹೊಸಿಲ ಹೊರಗೆ ನೆಲದಲ್ಲಿ ಕೂತಿದ್ದ. ಅಕ್ಕನ ಮಗ. ಇನ್ನೂ ಮೂರು ತುಂಬಿಲ್ಲ. ಬಾಯಲ್ಲಿ ಬೆರಳು. ಎತ್ತಿಕೊಂಡು ಓಡಿ ಬಚ್ಚಲಿಗೆ ಹೋದೆ.

“ಏನೇ ಗುಬ್ಬಿ, ಮನೆಗೆ ಬೆಂಕಿ ಬಿತ್ತಾ?” ಅಕ್ಕ ಕೂಗಿದಳು.

“ಮಣ್ಣಲ್ಲಿ ಹುಳ ಇದಾವಕ್ಕ. ಕಣ್ಣಿಗೆ ಕಾಣಲ್ಲ. ಇವನನ್ನ ಕೆಳಗೆ ಬಿಡಬೇಡ.”

“ಹೌದಾ, ಹಾಗಿದ್ರೆ ಸೂರಿಗೆ ನೇತುಹಾಕ್ತೀನಿ.”

ಭಾವ ಹಿಂದಿನ ಶೆಡ್ಡಿನಿಂದ ಬಂದರು. ಹಳೆಯ ಬ್ಯಾಟರಿ ಒಡೆದು, ಪ್ಲೇಟು ಕೆರೆದು, ಸೀಸ ಕರಗಿಸಿ, ಆ್ಯಸಿಡ್ ತುಂಬಿ ಹೊಸದರಂತೆ ಮಾಡುವುದು ಅವರ ಕೆಲಸ. ಬನಿಯನ್ ಎಲ್ಲ ಆ್ಯಸಿಡ್ ತಾಗಿ ತೂತು ತೂತು. “ಬಾರಮ್ಮ ಹುಳದ ಡಾಕ್ಟ್ರೇ,” ಎಂದು ನಕ್ಕರು. “ನನ್ನ ತಲೇಲೂ ಇದಾವೆ ಒಂದೆರಡು. ನೋಡ್ತೀಯಾ?” ಕೈ ಕೊಡವಿ ಗುಂಡನನ್ನು ನನ್ನಿಂದ ಎಳೆದುಕೊಂಡು ಮೇಲಕ್ಕೆ ಎಸೆದು ಹಿಡಿದರು. ಗುಂಡ ಕೇಕೆ ಹಾಕಿದ.

ನಾನು ನಗಲಿಲ್ಲ. ಇಂದು ಲ್ಯಾಬಿನಲ್ಲಿ ಹುಳಗಳ ಮೇಲೆ ಬಿಸಿನೀರು ಹಾಕುವುದನ್ನು ನೋಡಿದ್ದೆ. ಒಂದೊಂದು ಜಾತಿ ಒಂದೊಂದು ಆಕಾರದಲ್ಲಿ ಸಾಯುತ್ತದೆ. ಒಂದು ನೆಟ್ಟಗೆ. ಒಂದು ಕುಡುಗೋಲಿನಂತೆ ಬಾಗಿ. ಒಂದು ಸುರುಳಿ ಸುತ್ತಿ. ಕಣ್ಣು ಮುಚ್ಚಿದರೆ ಅದೇ.

ಮಾರ್ಚ್ 10, ಸಂಜೆ

ಗುಂಡ ಮೂರು ದಿನದಿಂದ ಊಟ ಬಿಟ್ಟಿದ್ದಾನೆ. ಹೊಟ್ಟೆ ಹಿಡಿದುಕೊಂಡು ಅಳುತ್ತಾನೆ. ಮುಖ ಸುಣ್ಣದ ಹಾಗಾಗಿದೆ. ಗುಂಡ ಅಂತ ಹೆಸರಿಟ್ಟಾಗ ದುಂಡಗಿದ್ದ. ಈಗ ಮೊಣಕಾಲಿನ ಚಿಪ್ಪು ಕಾಣುತ್ತದೆ.

ಕ್ಲಿನಿಕ್ಕಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಮಣ್ಣು ತಿಂತಾನಾ?” ಎಂದರು. ಅಕ್ಕ ಹೌದೆಂದಳು. “ಜಂತುಹುಳ,” ಎಂದು ಸಿರಪ್ ಬರೆದುಕೊಟ್ಟರು.

ಹೇಳಿರಲಿಲ್ಲವೇ ನಾನು! ಆ ಗಾಜಿನ ದಾರಗಳು ಗುಂಡನ ಹೊಟ್ಟೆಯೊಳಗೆ ಹೊರಳುವುದು ಕಂಡ ಹಾಗಾಯಿತು. ಬಾಯಲ್ಲಿ ಸೂಜಿ...

ಮೇಡಂ ಅವರನ್ನು ಕೇಳಬೇಕು. ಅವರ ರೂಮಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಎರಡು ಸಲ.

ಬರುವಾಗ ಒಂದು ಹೊಸ ಸ್ಯಾಂಪಲ್ ಚೀಲ ಬ್ಯಾಗಿನಲ್ಲಿ ಹಾಕಿಕೊಂಡೆ. ನಾಳೆ ನಮ್ಮ ಹಿತ್ತಲಿನ ಮಣ್ಣು ನೋಡುತ್ತೇನೆ. ಎಷ್ಟಿವೆ ಎಂದು ತಿಳಿಯಲಿ.

ಮಾರ್ಚ್ 12

ಒಂದೂ ಇಲ್ಲ! ಒಂದೇ ಒಂದೂ ಇಲ್ಲ!

ಶೆಡ್ಡಿನ ಗೋಡೆಯ ಪಕ್ಕದಿಂದ ಮಣ್ಣು ತೆಗೆದಿದ್ದೆ. ಗುಂಡ ಹೆಚ್ಚಾಗಿ ತಿರುಗಾಡುವುದು ಅಲ್ಲೇ. ಬೆಳಿಗ್ಗೆ ಮೇಡಂ ಬರುವ ಮೊದಲೇ ಹೋಗಿ ಕ್ಲಿಪ್ ಸಡಿಲಿಸಿದೆ. ಅವಸರಕ್ಕೆ ಅರ್ಧ ನೀರು ಮೇಜಿನ ಮೇಲೆ. ಒಂದು ಕಣ್ಣು ಮುಚ್ಚಿ ಒಂದರಲ್ಲಿ ನೋಡಿದೆ. ನೀರು. ಬರೀ ನೀರು. ತಟ್ಟೆಯ ಮೂಲೆ ಮೂಲೆ ಹುಡುಕಿದೆ. ನಮ್ಮ ಮಣ್ಣು ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ.

ಮನೆಗೆ ಹೋಗಿ ಅಕ್ಕನ ಕೈ ಹಿಡಿದು ಹೇಳಿದೆ. “ಬಿಡಕ್ಕ, ಆಡ್ಲಿ. ನಮ್ಮ ಹಿತ್ತಲಲ್ಲಿ ಒಂದು ಹುಳಾನೂ ಇಲ್ಲ. ನಾನೇ ನೋಡಿದೆ.”

“ನೋಡು, ಕೊನೆಗೂ ಉಪಯೋಗಕ್ಕೆ ಬಂತು ನಿನ್ನ ಕೆಲಸ,” ಎಂದಳು. ಅವಳು ಹಾಗೆ ಹೇಳಿದ್ದು ಇದೇ ಮೊದಲು.

ಶೆಡ್ಡಿನ ಪಕ್ಕದ ಜಾಗ ನಾನೇ ಆರಿಸಿದೆ. ಹುಲ್ಲಿಲ್ಲ, ಮುಳ್ಳಿಲ್ಲ, ಹಿಟ್ಟಿನಂಥ ಮೆತ್ತನೆಯ ಬೂದು ಮಣ್ಣು. ಒಂದು ಹಳೆಯ ಚಮಚ, ಒಂದು ಡಬ್ಬಿ ಕೊಟ್ಟು ಕೂರಿಸಿದೆ. ಗುಂಡ ಡಬ್ಬಿ ತುಂಬಿ ನನ್ನ ಪಾದದ ಮೇಲೆ ಸುರಿದ. “ಚಿಕ್ಕಿ, ಅನ್ನ!” ಎಂದ.

ಹತ್ತು ದಿನದಲ್ಲಿ ಮೊದಲ ಸಲ ನೆಮ್ಮದಿ. ನಿದ್ದೆ ಬರುತ್ತಿದೆ. ಸಾಕು.

ಮಾರ್ಚ್ 25

ಬರೆಯಲು ಏನೂ ಇರಲಿಲ್ಲ. ಇದ್ದದ್ದನ್ನು ಬರೆಯಲು ಇಷ್ಟವಿರಲಿಲ್ಲ.

ಸಿರಪ್ ಮುಗಿಯಿತು. ಗುಂಡನ ಹೊಟ್ಟೆನೋವು ಹೋಗಿಲ್ಲ, ಹೆಚ್ಚಾಗಿದೆ. ದಿನವಿಡೀ ಹಟ. ಇಲ್ಲವೇ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಾನೆ. ಈ ವಾರ “ಚಿಕ್ಕಿ” ಎಂದು ಕರೆಯಲೇ ಇಲ್ಲ. ಏನು ಬೇಕಾದರೂ ಬೆರಳು ತೋರಿಸುತ್ತಾನೆ. ಬಂದ ಮಾತು ಎಲ್ಲಿ ಹೋಗುತ್ತದೆ?

“ನಿನ್ನನ್ನೇ ಹೋಲ್ತಾನೆ,” ಎಂದಳು ಅಕ್ಕ. “ಬಾಯಿಗೆ ಬೀಗ.” ತಮಾಷೆಗೆ ಹೇಳಿದ್ದು. ಮುಖದಲ್ಲಿ ತಮಾಷೆ ಇರಲಿಲ್ಲ.

ಒಂದು ಕೆಲಸ ಮಾತ್ರ ಬಿಡುವುದಿಲ್ಲ ಅವನು. ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿ ಹಿಡಿದು ಶೆಡ್ಡಿನ ಪಕ್ಕಕ್ಕೆ.

ಮಾರ್ಚ್ 26, ಮಧ್ಯಾಹ್ನ

ಬಚ್ಚಲುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಲ್ಯಾಬಿನ ಬಚ್ಚಲು.

ಇಂದು ಬಣ್ಣದ ಕಾರ್ಖಾನೆಯೊಂದರ ಹಿಂದಿನ ಮಣ್ಣು ನೋಡಿದೆವು. ತಟ್ಟೆಯಲ್ಲಿ ಏನೂ ಇಲ್ಲ. ನನಗೆ ಏನು ಧೈರ್ಯ ಬಂತೋ, ನಾನಾಗಿಯೇ ಬಾಯಿಬಿಟ್ಟೆ. “ಈ ಮಣ್ಣು ಒಳ್ಳೇದು ಮೇಡಂ. ಹುಳಾನೇ ಇಲ್ಲ.”

ಮೇಡಂ ಕಣ್ಣು ಎತ್ತಿ ನೋಡಿದರು. “ಒಳ್ಳೇದಾ? ಇದು ಸತ್ತ ಮಣ್ಣು ಕಣಮ್ಮ.”

ಸ್ಟೂಲು ಎಳೆದು ನನ್ನನ್ನು ಕೂರಿಸಿ ಹೇಳಿದರು. ಬೇರು ಚುಚ್ಚುವವು ಸ್ವಲ್ಪ. ಉಳಿದವು ಮಣ್ಣನ್ನು ನಡೆಸುವವು. ಕೆಲವು ಬ್ಯಾಕ್ಟೀರಿಯಾ ತಿಂದು ಗಿಡಕ್ಕೆ ಸಾರ ಬಿಡುತ್ತವೆ. ಕೆಲವು ಬೂಷ್ಟು ತಿನ್ನುತ್ತವೆ. ಹಲ್ಲಿನವು ಇವರ್‍ಯಾರೂ ಮಿತಿ ಮೀರದ ಹಾಗೆ ಕಾಯುತ್ತವೆ. “ಒಂದು ಚಮಚ ಮಣ್ಣಲ್ಲಿ ಒಂದು ಬೀದಿ ಜನ ಇದ್ದ ಹಾಗೆ. ಎಲ್ಲಾ ಥರದವರೂ ಇದ್ರೇನೇ ಬೀದಿ. ಅದ್ರಲ್ಲಿ ದೊಡ್ಡ, ನಿಧಾನದ ಹುಳ ಇದಾವಲ್ಲ, ವರ್ಷಗಟ್ಟಲೆ ಯಾರೂ ತೊಂದರೆ ಕೊಡದೇ ಇದ್ರೆ ಮಾತ್ರ ಇರ್ತಾವೆ. ಮಣ್ಣಿಗೆ ಏನಾದ್ರೂ ಬೆರೆತ್ರೆ ಮೊದಲು ಹೋಗೋದು ಅವು. ಆಮೇಲೆ ಮಿಕ್ಕವು. ಎಲ್ಲಾ ಖಾಲಿಯಾದ್ರೆ ಅಲ್ಲಿ ಬಾಳೋಕಾಗದ ಏನೋ ಇದೆ ಅಂತ.”

“ಹೊಟ್ಟೆ ಜಂತು...?” ಎಂದೆ. ಅಷ್ಟೇ ಬಂತು ಬಾಯಿಂದ.

“ಅದೇ ಕುಲ, ಆದ್ರೆ ಅವು ಬೇರೆ. ಇವು ಮನುಷ್ಯರನ್ನ ಮೂಸಿನೂ ನೋಡಲ್ಲ. ಇವಕ್ಕಿಂತ ಇವು ಓಡಿಹೋದ ಜಾಗಕ್ಕೆ ಹೆದರಬೇಕು.”

ಬೂದು ಮಣ್ಣು. ಹುಲ್ಲಿಲ್ಲ. ಮೆತ್ತಗೆ. ಜಾಗ ಆರಿಸಿದ್ದು ನಾನು. ಚಮಚ ಕೊಟ್ಟಿದ್ದೂ ನಾನು.

ಅದೇ ದಿನ, ಸಂಜೆ

ಓಡಿ ಬಂದೆ. ಗುಂಡ ಅಲ್ಲೇ ಇದ್ದ. ತುಟಿಯ ಸುತ್ತ ಬೂದು. ಕಿತ್ತುಕೊಂಡು ಒಳಗೆ ತಂದೆ. ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತ.

“ಆಡ್ಲಿ ಅಂತೀಯ, ಬೇಡ ಅಂತೀಯ. ಏನು ಆಟ ಆಡ್ತಿದೀಯ ಮಗು ಹತ್ರ?” ಎಂದಳು ಅಕ್ಕ.

ಹೇಳಬೇಕಿತ್ತು. ಶೆಡ್ಡಿನಲ್ಲಿ ಭಾವ ಹಾಡು ಗುನುಗುತ್ತ ಪ್ಲೇಟು ಕೆರೆಯುವ ಸದ್ದು ಕೇಳುತ್ತಿತ್ತು. ಈ ಮನೆಯ ಅನ್ನ ಆ ಸದ್ದಿನಿಂದ. ಅಮ್ಮ ಹೋದ ಮೇಲೆ ನನ್ನನ್ನು ಒಂದು ದಿನವೂ ಬೇರೆ ಎಂದು ನೋಡಿದವರಲ್ಲ ಭಾವ. ಅವರ ಕೆಲಸವೇ ಅವರ ಮಗನಿಗೆ... ಈ ವಾಕ್ಯವನ್ನು ಬರೆದು ಮುಗಿಸಲೂ ಆಗುತ್ತಿಲ್ಲ, ಹೇಳುವುದು ಹೇಗೆ?

“ಕಾಲಿಗೆ ಗಾಜು ಚುಚ್ಚುತ್ತೆ ಅಲ್ಲಿ,” ಎಂದೆ. ಸುಳ್ಳು.

ಮಾರ್ಚ್ 29

ಒಂದು ಆಸೆ ಇತ್ತು. ಅವತ್ತು ಗಡಿಬಿಡಿಯಲ್ಲಿ ಲಾಳಿಕೆಗೆ ಬಿಸಿನೀರು ಹಾಕಿಬಿಟ್ಟಿದ್ದೆನೇನೋ. ಕೆಟಲ್ ಪಕ್ಕದಲ್ಲೇ ಇತ್ತು. ಹಾಗಾಗಿದ್ದರೆ ಹುಳ ಮಣ್ಣಿನಲ್ಲೇ ಸತ್ತು ಕೆಳಗೆ ಇಳಿದಿರುವುದಿಲ್ಲ. ತಪ್ಪು ನನ್ನದಾಗಿರಲಿ ಎಂದು ಇಷ್ಟು ಬೇಡಿಕೊಂಡದ್ದು ಎಂದೂ ಇಲ್ಲ.

ಮತ್ತೆ ಮಣ್ಣು ತಂದೆ. ಗೇಟಿನ ಹತ್ತಿರದ್ದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ್ದು, ಶೆಡ್ಡಿನ ಗೋಡೆಯದ್ದು. ನೀರನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿ ಹಾಕಿದೆ. ತಣ್ಣೀರು.

ಗೇಟಿನದು ಕಿಕ್ಕಿರಿದಿದೆ. ಸೂಜಿಯವು, ಹಲ್ಲಿನವು, ಮೃದು ಬಾಯಿಯವು. ಮೇಡಂ ಹೇಳಿದ ದೊಡ್ಡ ನಿಧಾನದ್ದೂ ಒಂದು, ಯಾವ ಅವಸರವೂ ಇಲ್ಲದೆ ಹೊರಳುತ್ತಿತ್ತು. ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಯಾವ ಹುಳಕ್ಕೆ ಹೆದರಿ ಸ್ಟೂಲಿನಿಂದ ಬಿದ್ದಿದ್ದೆನೋ ಅದೇ.

ಕಲ್ಲಿನ ಪಕ್ಕದ್ದರಲ್ಲಿ ಅಲ್ಲೊಂದು ಇಲ್ಲೊಂದು. ಸಣ್ಣವು ಮಾತ್ರ.

ಶೆಡ್ಡಿನದು ಖಾಲಿ.

“ಎಲ್ಲೀ ಮಣ್ಣಮ್ಮ ಇದು?” ಹಿಂದೆ ಮೇಡಂ ನಿಂತಿದ್ದರು. ಯಾವಾಗ ಬಂದರೋ. “ನಮ್ಮನೇದು,” ಎಂದೆ. ಆಮೇಲೆ ಬ್ಯಾಟರಿ ಎಂದೆ, ಗುಂಡ ಎಂದೆ, ಹೊಟ್ಟೆನೋವು ಎಂದೆ. ಹಿಂದುಮುಂದಾಗಿ ಬಂತು ಎಲ್ಲ. ಮೇಡಂ ಅವರ ಮುಖದ ಬಣ್ಣ ಇಳಿಯುವುದನ್ನು ನೋಡಿದೆ. ಅದನ್ನು ನೋಡಬಾರದಿತ್ತು. ಅಲ್ಲಿಯವರೆಗೆ ನಾನು ಸುಮ್ಮನೆ ಹೆದರುಪುಕ್ಕಲಿ ಎಂಬ ಧೈರ್ಯವಾದರೂ ಇತ್ತು.

“ಹುಳ ಏನೋ ಕೆಟ್ಟಿದೆ ಅಂತ ಹೇಳುತ್ತೆ, ಏನು ಅಂತ ಹೇಳಲ್ಲ,” ಎಂದರು. “ಸೀಸ ಅಂತ ನನ್ನ ಅನುಮಾನ. ಮಗು ರಕ್ತ ನೋಡಿಸ್ಲೇಬೇಕು. ಬೇಗ. ಅಪ್ಪ ಅಮ್ಮ ಕರ್ಕೊಂಡು ಹೋಗ್ಬೇಕು.”

“ನೀವು ಹೇಳಿ ಮೇಡಂ.”

“ನಾನು ಹೇಳಿದ್ರೆ ಶೆಡ್ ಮುಚ್ಚಿಸೋಕೆ ಬಂದಿದ್ದಾಳೆ ಅನ್ಕೋತಾರೆ. ಹೊರಗಿನವಳು.” ಮೂಲೆಯ ಇನ್ವರ್ಟರ್ ಕಡೆ ನೋಡಿದರು. “ನಮ್ಮ ಇನ್ವರ್ಟರ್ ಬ್ಯಾಟರಿ ನಿಲ್ತಾ ಇಲ್ಲ. ನಿನ್ನ ಭಾವನ್ನ ಸೋಮವಾರ ಕರಿ. ಆಮೇಲೆ ನೀನು ಹೇಳು. ನಾನು ಪಕ್ಕದಲ್ಲಿ ಇರ್ತೀನಿ.”

ಮಾರ್ಚ್ 30

ಭಾನುವಾರ. ಗುಂಡನನ್ನು ಇಡೀ ದಿನ ಸೊಂಟದ ಮೇಲೆ ಇಟ್ಟುಕೊಂಡೆ. ಅಕ್ಕ ವಿಚಿತ್ರವಾಗಿ ನೋಡಿದಳು. ಭಾವ ಕೆಲಸದ ಕೈಯಲ್ಲೇ ಅವನ ಕೆನ್ನೆ ಹಿಂಡಿದರು. ಕೆನ್ನೆಯ ಮೇಲೆ ಎರಡು ಬೆರಳಿನ ಬೂದು ಗುರುತು. ಒರೆಸಿದೆ. ಇನ್ನೂ ಇದೆ ಅನಿಸಿತು. ಮತ್ತೆ ಒರೆಸಿದೆ.

ನಾಳೆ. ಏನು ಹೇಳಬೇಕೆಂದು ಬರೆದುಕೊಳ್ಳಲು ಕೂತೆ. “ಭಾವ” ಎಂದು ಬರೆದೆ.

ಮಾರ್ಚ್ 31

ಭಾವ ಬಂದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟೂಲ್ ಬ್ಯಾಗು. “ಇದಾ ನಿನ್ನ ಆಸ್ಪತ್ರೆ? ಪೇಷೆಂಟ್‌ಗಳು ಎಲ್ಲಿ, ಮಂಚದ ಕೆಳಗಾ?” ಬ್ಯಾಟರಿಯ ಮುಚ್ಚಳ ಬಿಚ್ಚಿ, ನೀರು ತುಂಬಿ, ಒರೆಸಿ, ಮುಗಿಸಿದರು. ಮೇಡಂ ಮೈಕ್ರೋಸ್ಕೋಪಿನ ಕಡೆ ಕೈ ತೋರಿಸಿದರು. “ನೋಡ್ತೀರಾ? ಗುಬ್ಬಿ ತೋರಿಸ್ತಾಳೆ.”

ಮೊದಲು ಗೇಟಿನ ಮಣ್ಣಿನದು.

“ಅಯ್ಯಯ್ಯೋ! ಬಸ್‌ಸ್ಟ್ಯಾಂಡ್ ಕಣೇ ಇದು! ಇವನು ನೋಡು, ಸೀಟು ಸಿಗದೋನು ಓಡ್ತಾ ಇದಾನೆ!”

ತಟ್ಟೆ ಬದಲಿಸಿದೆ.

“ಇದ್ರಲ್ಲಿ ಏನೂ ಇಲ್ವಲ್ಲ?”

“ಮೊದಲನೇದು ನಮ್ಮ ಗೇಟಿಂದು ಭಾವ. ಇದು... ಶೆಡ್ ಪಕ್ಕದ್ದು. ಗುಂಡ ಆಡೋ ಜಾಗ.”

“ಸರಿಯಾಯ್ತಲ್ಲ. ಹುಳ ಇಲ್ಲದ ಕಡೆ ಆಡ್ತಾನೆ. ಒಳ್ಳೇದೇ ತಾನೆ?”

“ನಾನೂ ಹಾಗೇ ಅನ್ಕೊಂಡೆ ಭಾವ.”

ಆಮೇಲೆ ನಿಲ್ಲಿಸಲಿಲ್ಲ. ನೆಲ ನೋಡುತ್ತ ಹೇಳಿದೆ. ಇವು ಇರಬೇಕಾದವು ಎಂದೆ. ಇಲ್ಲಿ ಬಾಳಲಾಗದೆ ಹೋಗಿವೆ ಎಂದೆ. ಆ್ಯಸಿಡ್ ನೀರು ಚೆಲ್ಲುವುದು ಅಲ್ಲೇ ಎಂದೆ. ಕೆರೆದ ಪುಡಿ ಹಾರುವುದು ಅಲ್ಲಿಗೇ ಎಂದೆ. ಹುಳಕ್ಕೇ ಆಗದ ಜಾಗದಲ್ಲಿ ನಮ್ಮ ಮಗು ದಿನಾ ಕೂತು ತಿಂದಿದ್ದಾನೆ, ಕೂರಿಸಿದ್ದು ನಾನು, ರಕ್ತ ನೋಡಿಸಬೇಕು ಎಂದೆ. ಇಷ್ಟು ಮಾತನ್ನು ಒಟ್ಟಿಗೆ ಎಂದೂ ಆಡಿರಲಿಲ್ಲ.

ಭಾವ ಮತ್ತೆ ಬಗ್ಗಿ ಖಾಲಿ ತಟ್ಟೆಯನ್ನು ನೋಡಿದರು. ಬಹಳ ಹೊತ್ತು. ಏನಾದರೂ ಅಲುಗಲಿ ಎಂದು ಕಾಯುವವರ ಹಾಗೆ.

“ಹುಡುಗ ಆಗಿದ್ದಾಗಿಂದ ಇದೇ ಕೆಲಸ ಮಾಡ್ತಿದೀನಿ,” ಎಂದರು ಕೊನೆಗೆ. “ನನಗೇನಾಗಿದೆ?”

“ನೋಡಿಸಿದೀರಾ?” ಮೇಡಂ ಮೆಲ್ಲಗೆ ಕೇಳಿದರು.

ಭಾವ ಸ್ಪ್ಯಾನರ್ ಬ್ಯಾಗಿಗೆ ಹಾಕಿಕೊಂಡು ಹೋದರು. ನನ್ನ ಮುಖ ನೋಡಲಿಲ್ಲ. ಆಮೇಲೆ ನೋಡಿದರೆ ಬ್ಯಾಟರಿಯ ಕೊನೆಯ ಮುಚ್ಚಳವನ್ನು ಹಾಕದೆ ಹೋಗಿದ್ದರು. ಭಾವ ಎಂದೂ ಹಾಗೆ ಮಾಡುವವರಲ್ಲ.

ಏಪ್ರಿಲ್ 1

ಶೆಡ್ಡಿನಿಂದ ಸದ್ದಿಲ್ಲ. ಆ ಸದ್ದಿಲ್ಲದ ಮನೆ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ಭಾವ ಅಕ್ಕನಿಗೆ ಹೇಳಿಬಿಟ್ಟಿದ್ದಾರೆ. ಅಕ್ಕ ಅಡುಗೆಮನೆಯಲ್ಲಿ ನನ್ನ ಎದುರು ನಿಂತಳು. “ನೀನೇ ಅಲ್ವಾ ಅಂದಿದ್ದು? ಬಿಡಕ್ಕ, ಆಡ್ಲಿ ಅಂತ?”

“ಹೌದಕ್ಕ.”

“ಒಂದು ಹುಳಾನೂ ಇಲ್ಲ, ನಾನೇ ನೋಡಿದೆ ಅಂತ?”

“ಹೌದು.”

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಗುಂಡನ ಬಾಯಿ ಒರೆಸುತ್ತ, ಒರೆಸುತ್ತ, ಅಲ್ಲೇ ಕೂತುಬಿಟ್ಟಳು.

ಭಾವನ ಜೊತೆ ಅವಳು ಮಾತು ಬಿಟ್ಟಿದ್ದಾಳೆ. ತಟ್ಟೆ ಇಟ್ಟು ಹೋಗುತ್ತಾಳೆ. ಭಾವ ಗುಂಡನನ್ನು ಎತ್ತಿಕೊಳ್ಳುತ್ತಿಲ್ಲ. ಗುಂಡ ಕೈ ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಗುಂಡನಿಗೆ ಇದು ಹೊಸ ಆಟ. ಮೊದಲು ನಕ್ಕ. ಆಮೇಲೆ ಅತ್ತ.

ಏಪ್ರಿಲ್ 3

ದೊಡ್ಡಾಸ್ಪತ್ರೆಯಲ್ಲಿ ಮೇಡಂ ಮಾತಾಡಿದ್ದಾರೆ. ನಾಡಿದ್ದು ಬೆಳಿಗ್ಗೆ ಬನ್ನಿ ಎಂದಿದ್ದಾರೆ. ಬೇಗ ಗೊತ್ತಾದರೆ ಔಷಧಿ ಇದೆಯಂತೆ. ಬೇಗ ಎಂದರೆ ಯಾವಾಗ? ಕೇಳಲಿಲ್ಲ. ಈ ಸಲ ನಾಚಿಕೆಯಿಂದಲ್ಲ.

ಭಾವ ಶೆಡ್ಡಿಗೆ ಬೀಗ ಹಾಕಿದರು. ಮೇಡಂ ಹೇಳಿದ ಹಾಗೆ ಪಕ್ಕದ ಮಣ್ಣನ್ನು ಅಗೆಯದೆ, ಧೂಳೇಳದಂತೆ ನೀರು ಚಿಮುಕಿಸಿ ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಹೇರಿದರು. ಯಾರೋ ಮಲಗಿದ ಹಾಗೆ ಕಾಣುತ್ತದೆ. ಆ ಕಡೆ ನೋಡಲು ಭಯ.

“ನಾಲ್ಕೂ ಜನರದ್ದು ರಕ್ತ ತೆಗೀಲಿ,” ಎಂದರು. ಗೋಡೆಗೆ ಹೇಳಿದ ಹಾಗೆ.

ಏಪ್ರಿಲ್ 5, ಬೆಳಿಗ್ಗೆ ಆರು

ಹೊರಡಬೇಕು. ಅಕ್ಕ ಹಾಲು ಉಕ್ಕಿ ಹೋದದ್ದೂ ನೋಡಲಿಲ್ಲ.

ಹೊರಡುವ ಮೊದಲು ಗುಂಡನ ಉಗುರು ಕತ್ತರಿಸೋಣ ಎಂದು ಕೂತೆ. ಅಷ್ಟು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಬೂದು ಗೆರೆ ಇನ್ನೂ ಇದೆ. ಅವನು ಕೈ ಕೊಡಲೊಲ್ಲ. ಎಳೆದಾಡಿದ. ಆಗ ಬಚ್ಚಲಿನಲ್ಲಿ ಬ್ರಷ್ ಉಜ್ಜುವ ಸದ್ದು ನಿಂತಿತು. ಭಾವ ಬಂದರು. ಮೊಣಕೈವರೆಗೂ ಕೆಂಪಗೆ ಉಜ್ಜಿದ್ದರು. ಎರಡೂ ಕೈ ನನ್ನ ಮುಂದೆ ತಿರುಗಿಸಿ ತೋರಿಸಿದರು. “ಸಾಕಾ ಗುಬ್ಬಿ? ಮುಟ್ಟಬಹುದಾ?”

ತಲೆಯಾಡಿಸಿದೆ.

ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಬೆರಳು ಹಿಡಿದುಕೊಟ್ಟರು. ಗುಂಡ ಅಲುಗಲಿಲ್ಲ. ಹತ್ತೂ ಆಯಿತು. ತುಂಡುಗಳನ್ನು ಕಾಗದದಲ್ಲಿ ಮಡಿಸಿ ಕಸಕ್ಕೆ ಹಾಕಿದೆ. ಗುಂಡ ಅವರ ಹೆಬ್ಬೆರಳು ಎಳೆದು ನನಗೆ ತೋರಿಸಿದ. ಅವರ ಉಗುರು ದಪ್ಪ, ಕಪ್ಪು. ಬ್ರಷ್ಷಿಗೆ ಬಗ್ಗಿಲ್ಲ.

ಭಾವ ಕಟರ್ ತೆಗೆದುಕೊಂಡು ತಮ್ಮ ಎಡಗೈಯದನ್ನು ತಾವೇ ಕತ್ತರಿಸಿದರು, ಮಾಂಸದವರೆಗೂ. ಬಲಗೈಗೆ ಆಗಲಿಲ್ಲ. ಎರಡು ಸಲ ಜಾರಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭಾವ ತಲೆ ಎತ್ತದೆ ಆ ಕೈಯನ್ನು ಅವಳ ಕಡೆ ಚಾಚಿದರು.

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬಂದು ಕೂತಳು. ಕಟರ್ ಇಸಿದುಕೊಂಡಳು. ಹೆಬ್ಬೆರಳಿನಿಂದ ಶುರು ಮಾಡಿ ಕಿರುಬೆರಳಿನವರೆಗೂ ಒಂದೊಂದಾಗಿ ಕತ್ತರಿಸಿದಳು.